ಕದ್ದವನೋ, ಇಟ್ಟುಕೊಂಡವನೋ?

ನಾನಿನ್ನೂ ಜೂನಿಯರ್ ವಕೀಲ. ಮನೆಯೊಂದರಿಂದ ಕಳುವಾದ ಎರಡು ಬಂಗಾರದ ಬಳೆ ನಮ್ಮ ಕಕ್ಷಿದಾರನ ಟ್ರಂಕಿನಲ್ಲಿ ಸಿಕ್ಕಿದ್ದವು. ಅವನೇ ಕದ್ದನೋ, ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡನೋ? ಕೋರ್ಟು 'ಇದು ಅಥವಾ ಅದು' ಅಂತಲೇ ಚಾರ್ಜ್ ಹಾಕಿತು. ಮನೆಯೊಳಗಿನ ಕಳವಿಗೆ 7 ವರ್ಷದವರೆಗೆ ಶಿಕ್ಷೆ, ಮಾಲು ಇಟ್ಟುಕೊಂಡಿದ್ದಕ್ಕೆ 3.

ಒಂದು ಮಾಡಿದ್ದಂತೂ ಖಚಿತ, ಯಾವುದು ಅನ್ನೋದೇ ಅನುಮಾನ. ಆಗ?

"ಐಪಿಸಿ 72 ತೆಗೆದು ನೋಡಪ್ಪ" ಅಂದರು ಸೀನಿಯರ್. ಐಪಿಸಿ ಅಂದರೆ ಆಗಿನ ಭಾರತೀಯ ದಂಡ ಸಂಹಿತೆ; ಅದರ 72ನೇ ಸೆಕ್ಷನ್ ಪ್ರಕಾರ, ಇಂಥ ಅನುಮಾನವಿದ್ದಾಗ ಕಡಿಮೆ ಶಿಕ್ಷೆ ಇರುವ ಅಪರಾಧಕ್ಕೆ ಮಾತ್ರ ಶಿಕ್ಷೆ. ಎರಡನ್ನೂ ಕೂಡಿಸಿ 10 ಮಾಡುವಂತಿಲ್ಲ! (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 10ನೇ ಸೆಕ್ಷನ್.) ಎರಡರಲ್ಲಿ ಒಂದನ್ನು ಮಾಡಿದ್ದಾನೆ ಅನ್ನೋದೇ ಸಾಬೀತಾಗದಿದ್ದರೆ ಮಾತು ಬೇರೆ, ಬಿಡುಗಡೆಯೇ.

ಅವನಿಗೆ 1 ವರ್ಷ ಆಯ್ತು. "ನಾನು ಏನು ಮಾಡಿದೆ ಅಂತ ಬರೆದಿದ್ದಾರೆ ಸಾರ್?" ಅಂತ ಕೇಳಿದ. ಸೀನಿಯರ್ ಸುಮ್ನೆ ಫೈಲು ಕಟ್ಟಿದರು.