ವಾಲ್ಥಮ್‌ಸ್ಟೋದಲ್ಲಿ ಉಳಿದ ಗೋಡೆ

ಲಂಡನ್ನಿನ ಅರಮನೆ, ಸೇತುವೆಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಮನಸ್ಸಲ್ಲಿ ಕೂತದ್ದು ಊರಿನ ಈಶಾನ್ಯಕ್ಕಿರುವ ವಾಲ್ಥಮ್‌ಸ್ಟೋದ ಒಂದು ಗೋಡೆ. ಬೆಳ್ಳಗಿನ ದೊಡ್ಡ ಗೋಡೆ, ಮೇಲೆ ನಿಯಾನ್ ಅಕ್ಷರಗಳು, ಜೊತೆಗೆ ಓಡುತ್ತಿರುವ ಗ್ರೇಹೌಂಡ್ ನಾಯಿಯ ಚಿತ್ರ. ಎಷ್ಟು ಚೆಂದ ಅಂದರೆ ರಸ್ತೆಯಾಚೆ ನಿಂತು ನೋಡುತ್ತಲೇ ಇದ್ದೆ. ಹಿಂದೆ ಹೋದರೆ ಬರೀ ಫ್ಲ್ಯಾಟುಗಳು. ಯಾವ ಊರಲ್ಲಾದರೂ ಇರಬಹುದಾದಂಥವು.

ಇಲ್ಲಿ ನಾಯಿ ರೇಸಿನ ಟ್ರ್ಯಾಕ್ ಇತ್ತು. ವಿಲಿಯಂ ಚಾಂಡ್ಲರ್ ಎಂಬ ಬುಕ್ಕಿ 1933ರಲ್ಲಿ ಶುರು ಮಾಡಿದ್ದು. ಉದ್ಘಾಟನೆಗೆ ಬಂದವರು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ವಿಮಾನ ಹಾರಿಸಿದ್ದ ಆಮಿ ಜಾನ್ಸನ್. 1945ರ ಚುನಾವಣೆಯಲ್ಲಿ ಚರ್ಚಿಲ್ ಇಲ್ಲೇ ಭಾಷಣಕ್ಕೆ ನಿಂತಾಗ ಜನ ಕೂಗಿ ಗದ್ದಲ ಎಬ್ಬಿಸಿದ್ದರು. ಯುದ್ಧ ಗೆದ್ದ ಪ್ರಧಾನಿಗೇ!

ಗೋಡೆಯ ಹತ್ತಿರ ಗ್ರೇಹೌಂಡ್ ಹಿಡಿದುಕೊಂಡು ಒಬ್ಬ ಅಜ್ಜ ಬಂದರು. ನಾಯಿ ನೋಡಿದ ಕೂಡಲೇ ನಮ್ಮ ಮುಧೋಳ ನೆನಪಾಯಿತು. ಅದೇ ಉದ್ದ ಮೂತಿ, ಒಳಗೆ ಸೆಳೆದ ಹೊಟ್ಟೆ. ಕಿವಿ ಮಡಚಿ ತೋರಿಸಿದರು, ಒಳಗೆ ಹಸಿರು ಹಚ್ಚೆಯ ಅಕ್ಷರಗಳು. ಬೇರೆ ಟ್ರ್ಯಾಕಿನಲ್ಲಿ ಓಡಿ ನಿವೃತ್ತಿಯಾದ ನಾಯಿಯಂತೆ.

"ಆರು ನಾಯಿ ಓಡ್ತಿದ್ವು. ಒಂದನೇದಕ್ಕೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ. ಅಪ್ಪ ಯಾವಾಗಲೂ ಕೆಂಪಿಗೇ ಕಟ್ಟೋರು" ಅಂದರು.

ಅವರಪ್ಪನಂಥ ಕಾರ್ಖಾನೆ ಕೆಲಸಗಾರರಿಗೆ ಕುದುರೆ ರೇಸು ದೂರ, ಅದೂ ಹಗಲು ಹೊತ್ತಲ್ಲಿ. ಟ್ರ್ಯಾಕಿನ ಹೊರಗೆ ನಗದು ಕಟ್ಟಿ ಬಾಜಿ ಆಡುವುದು ಆಗ ಅಪರಾಧ. ಕೆಲಸ ಮುಗಿಸಿ, ಮನೆ ಹತ್ತಿರವೇ ದೀಪದ ಬೆಳಕಲ್ಲಿ ಕಾನೂನುಬದ್ಧವಾಗಿ ಆಡಲು ಇದ್ದದ್ದು ಇದೇ. 1961ರಲ್ಲಿ ಬೀದಿ ಬೀದಿಗೆ ಬೆಟ್ಟಿಂಗ್ ಅಂಗಡಿ ತೆರೆದವು. ನಿಧಾನಕ್ಕೆ ಜನ ಕಡಿಮೆಯಾದರು, ಜಾಗದ ಬೆಲೆ ಏರಿತು. 2008ರ ಆಗಸ್ಟ್ 16ರಂದು ಕೊನೆಯ ರೇಸು. ಮುಂಭಾಗ ಸಂರಕ್ಷಿತ ಕಟ್ಟಡವಾದ್ದರಿಂದ ಉಳಿದುಕೊಂಡಿದೆ.

ರೇಸು ಮತ್ತೆ ಬರಬೇಕಾ ಅಂತ ಕೇಳಿದೆ. ಅವರು ನಾಯಿಯ ಹಿಂಗಾಲಿನ ಉಬ್ಬಿದ ಗಂಟು ಮುಟ್ಟಿ ತೋರಿಸಿದರು. ತಿರುವಿನಲ್ಲಿ ಮುರಿದು ಕೂಡಿದ ಮೂಳೆ. "ಬೇಡ. ಆದರೆ ಶನಿವಾರ ಸಂಜೆ ಎಲ್ಲಿಗೆ ಹೋಗೋದು ಅಂತ ಇವತ್ತಿಗೂ ಗೊತ್ತಾಗಲ್ಲ." ಇಬ್ಬರ ನಷ್ಟವೂ ನಿಜ ಅನ್ನಿಸಿತು. ನಾಯಿಯದು ಜಾಸ್ತಿ.

ನೀವು ಹೋಗುವುದಾದರೆ ಮೆಟ್ರೋದ ವಿಕ್ಟೋರಿಯಾ ಲೈನಿನಲ್ಲಿ ವಾಲ್ಥಮ್‌ಸ್ಟೋ ಸೆಂಟ್ರಲ್‌ಗೆ ಹೋಗಿ, ಅಲ್ಲಿಂದ ಬಸ್ ಹಿಡಿಯಿರಿ. ಲಂಡನ್ ಬಸ್ಸಿನಲ್ಲಿ ನಗದು ತಗೊಳ್ಳಲ್ಲ. ಕೊಡಬಹುದು ಅಂತ ಹೋಟೆಲಿನವರು ಹೇಳಿ ಕಳಿಸಿದ್ದರು, ಮಳೆಯಲ್ಲಿ ಅಷ್ಟು ದೂರ ನಡೆಯಬೇಕಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಅಥವಾ ಲಂಡನ್ನಿನ ಬಸ್ಸು, ರೈಲಿಗೆಂದೇ ಇರುವ ಆಯ್ಸ್ಟರ್ ಕಾರ್ಡ್ ಇಟ್ಟುಕೊಳ್ಳಿ.