ನಾಲ್ಕನೇ ಬೋರ್ಡಿನವನು

ದೇಶ ದೇಶಗಳ ತಂಡಗಳು ಸೇರಿ ಆಡುವ ಚೆಸ್ ಒಲಿಂಪಿಯಾಡ್ ಅಂದರೆ ಈಗ ಎಲ್ಲರೂ ಬುಡಾಪೆಸ್ಟ್ ಅಂತಾರೆ. ತಪ್ಪೇನಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿ ಭಾರತ ಓಪನ್ ವಿಭಾಗದಲ್ಲೂ ಮಹಿಳೆಯರ ವಿಭಾಗದಲ್ಲೂ ಚಿನ್ನ ಗೆದ್ದಿತು. ಅವತ್ತು ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದವನು ನಾನೇ. ಆದರೆ ನನ್ನ ಪಾಲಿನ ಒಲಿಂಪಿಯಾಡ್ ಅದಕ್ಕೆ ಎರಡು ವರ್ಷ ಮೊದಲಿನದು. 2022ರ ಆಗಸ್ಟ್ 6, ಶನಿವಾರ, ಮಹಾಬಲಿಪುರ. ಎಂಟನೇ ಸುತ್ತು.

ಜೊತೆಗಿದ್ದವನು ಕಾಲೇಜಿನ ಗೆಳೆಯ. ಮಲೆನಾಡಿನವನು, ಕೆಲಸ ಸಿಕ್ಕಿ ಚೆನ್ನೈ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಅವನನ್ನು ನಾನು ಇವತ್ತಿಗೂ ಕ್ಯಾಪ್ಟನ್ ಅಂತಲೇ ಕರೆಯೋದು. ತಂಡದ ಚೆಸ್ಸಿನಲ್ಲಿ ನಾಲ್ವರು ನಾಲ್ಕು ಬೋರ್ಡಿನಲ್ಲಿ ಎದುರು ತಂಡದ ನಾಲ್ವರ ಜೊತೆ ಒಟ್ಟಿಗೇ ಆಡುತ್ತಾರೆ. ಕಾಲೇಜಿನ ತಂಡದಲ್ಲಿ ಅವನು ಒಂದನೇ ಬೋರ್ಡು, ನಾನು ನಾಲ್ಕನೇದು. ನಾಲ್ಕನೇ ಬೋರ್ಡಿನವನು ಅಂದರೆ ಕ್ರಿಕೆಟ್ಟಿನಲ್ಲಿ ಕೊನೆಗೆ ಬ್ಯಾಟ್ ಹಿಡಿಯುವವನ ಹಾಗೆ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಕ್ರಿಕೆಟ್ಟಿನಲ್ಲಿ ಹನ್ನೊಂದನೆಯವನು ಸೊನ್ನೆಗೆ ಔಟಾದರೂ ಯಾರೂ ಬೈಯುವುದಿಲ್ಲ. ಇಲ್ಲಿ ಗೆದ್ದರೆ ಒಂದು ಪಾಯಿಂಟು, ಡ್ರಾ ಆದರೆ ಅರ್ಧ; ನಾಲ್ಕನೆಯವನ ಪಾಯಿಂಟಿಗೂ ಒಂದನೆಯವನ ಪಾಯಿಂಟಿಗೂ ಬೆಲೆ ಒಂದೇ.

ಆ ಬೆಲೆ ನನಗೆ ಗೊತ್ತಾಗಿದ್ದು 1996ರಲ್ಲಿ, ಒಂದು ಅಂತರ ಕಾಲೇಜು ಪಂದ್ಯದ ಕೊನೇ ಸುತ್ತಿನಲ್ಲಿ. ಉಳಿದ ಮೂರು ಬೋರ್ಡಿನ ಆಟ ಮುಗಿದು ನಾವು 2-1ರಿಂದ ಮುಂದಿದ್ದೆವು. ನನ್ನ ಎದುರಾಳಿ ಡ್ರಾ ಕೇಳಿದ. ತಂಡದ ಆಟದಲ್ಲಿ ಕ್ಯಾಪ್ಟನ್ ಆಟಗಾರನಿಗೆ ಹೇಳಬಹುದಾದದ್ದು ಬಹಳ ಕಡಿಮೆ. ಡ್ರಾ ಕೇಳು, ಡ್ರಾ ಒಪ್ಪಿಕೋ, ಸೋಲು ಒಪ್ಪಿಕೋ. ಅಷ್ಟೇ. ಬೋರ್ಡಿನ ಮೇಲೆ ಏನಾಗಿದೆ ಅಂತ ತುಟಿ ಬಿಚ್ಚುವಂತಿಲ್ಲ. ಕ್ಯಾಪ್ಟನ್ ಹಿಂದೆ ಬಂದು ನಿಂತು "ತಗೋ" ಅಂದ. ನನಗೆ ಒಂದು ಕಾಲಾಳು ಜಾಸ್ತಿ ಇತ್ತು. ಗೆದ್ದೇ ಗೆಲ್ತೀನಿ ಅನ್ನಿಸಿತು. ತಲೆ ಅಲ್ಲಾಡಿಸಿದೆ. ಇಪ್ಪತ್ತು ನಡೆಯಲ್ಲಿ ಸೋತೆ. ಅರ್ಧ ಪಾಯಿಂಟಿಗೆ ಕಪ್ ಬೇರೆ ಕಾಲೇಜಿಗೆ ಹೋಯಿತು. ವಾಪಸ್ ಬರುವ ಬಸ್ಸಿನಲ್ಲಿ ಕ್ಯಾಪ್ಟನ್ ಆ ಮಾತೆತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

2022ರ ಆ ಶನಿವಾರ ಬೆಳಿಗ್ಗೆ ಚೆನ್ನೈಯಲ್ಲಿ ರಾತ್ರಿ ರೈಲಿನಿಂದಿಳಿದು ಕಣ್ಣುಜ್ಜಿಕೊಂಡು ಹೊರಗೆ ಬಂದರೆ ಊರೆಲ್ಲ ಕಪ್ಪು ಬಿಳುಪು ಚೌಕ. ನೇಪಿಯರ್ ಸೇತುವೆಗೆ ಪೂರ್ತಿ ಚೆಸ್ ಬೋರ್ಡಿನ ಹಾಗೆ ಬಣ್ಣ ಬಳಿದಿದ್ದರು. ಎಲ್ಲಿ ನೋಡಿದರೂ ಪಂಚೆ ಉಟ್ಟು ಬಿಳಿ ಅಂಗಿ ತೊಟ್ಟು ಕೈ ಮುಗಿದು ನಿಂತ ಕುದುರೆ. ಒಲಿಂಪಿಯಾಡಿನ ಲಾಂಛನದ ಗೊಂಬೆ ಅದು, ತಂಬಿ ಅಂತ ಹೆಸರು. ಕುದುರೆ ಒಂದೊಂದು ಮನೆಗೂ ಒಂದೊಂದೇ ಸಲ ಹೋಗಿ ಇಡೀ ಬೋರ್ಡು ಸುತ್ತುವ ಬಂಧಗಳನ್ನು ಅಷ್ಟೊಂದು ಕಟ್ಟಿದ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದಿದ್ದರೆ ಇದನ್ನು ನೋಡಿ ನಕ್ಕಿರೋರು. ಈ ಒಲಿಂಪಿಯಾಡ್ ಮೊದಲು ರಷ್ಯಾದಲ್ಲಿ ನಡೆಯಬೇಕಿತ್ತು. ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ಅಲ್ಲಿಂದ ತೆಗೆದರು. ಚೆನ್ನೈಗೆ ಸಿಕ್ಕಿದ ಸಮಯ ನಾಲ್ಕು ತಿಂಗಳ ಆಸುಪಾಸು. ನಮ್ಮ ಕಡೆ ನಾಲ್ಕು ತಿಂಗಳಲ್ಲಿ ಒಂದು ರಸ್ತೆ ಗುಂಡಿ ಮುಚ್ಚುವುದಿಲ್ಲ ಬಿಡಿ.

ತಿರುವಾನ್ಮಿಯೂರಿನಿಂದ ಬಸ್ಸು. ಎಡಕ್ಕೆ ಸಮುದ್ರ ಆಗಾಗ ಇಣುಕುತ್ತಿತ್ತು. ಕ್ಯಾಪ್ಟನ್ ಕಿಟಕಿ ಪಕ್ಕ ಕೂತು ಕಥೆ ಶುರು ಮಾಡಿದ. ಅವನಿಗೆ ಈ ಹಳೇ ಪಂದ್ಯಗಳ ಹುಚ್ಚು ಕಾಲೇಜಿನಿಂದಲೂ ಇದೆ.

"1924ರಲ್ಲಿ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ಸ್ ನಡೀತಲ್ಲ, ಅದರ ಜೊತೆಗೇ ಚೆಸ್ ಆಟಗಾರರನ್ನೂ ಸೇರಿಸಿದರು ಮಾರಾಯ. 18 ದೇಶದಿಂದ 54 ಜನ. ಅದೇ ಹೊತ್ತಿಗೆ ಫಿಡೆ, ಅಂದ್ರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ, ಹುಟ್ಟಿದ್ದು. ಲೆಕ್ಕಕ್ಕೆ ಮೊದಲನೇ ಒಲಿಂಪಿಯಾಡ್ ಅಂದ್ರೆ 1927, ಲಂಡನ್. 16 ತಂಡ. ಗೆದ್ದಿದ್ದು ಹಂಗೇರಿ."

"ನಮ್ಮವರು ಯಾವಾಗ ಹೋದದ್ದು?"

"ತಂಡ ಅಂತ ಹೋಗಿದ್ದು 1956ರಲ್ಲಿ, ಮಾಸ್ಕೋಗೆ. ಆದ್ರೆ ನಮ್ಮ ನೆಲದವನೊಬ್ಬ ಅದಕ್ಕೆ ಎಷ್ಟೋ ಮೊದಲೇ ಆಡಿದ್ದ."

ಅದು ಸುಲ್ತಾನ್ ಖಾನ್ ಕಥೆ. ಪಂಜಾಬಿನವನು. ಒಬ್ಬ ಜಮೀನ್ದಾರ ಅವನನ್ನು ಲಂಡನ್ನಿಗೆ ಕರೆದುಕೊಂಡು ಹೋದ. ನಮ್ಮ ಹಳೇ ಚದುರಂಗದ ನಿಯಮದಲ್ಲಿ ಆಡಿ ಬೆಳೆದವನು, ಅಲ್ಲಿ ಹೋಗಿ ಬ್ರಿಟಿಷ್ ಚಾಂಪಿಯನ್ ಆದ. 1930ರಲ್ಲಿ, 31ರಲ್ಲಿ, 33ರಲ್ಲಿ ಮೂರು ಒಲಿಂಪಿಯಾಡ್ ಆಡಿದ. ಆಡಿದ್ದು ಇಂಗ್ಲೆಂಡ್ ತಂಡಕ್ಕೆ, ಅದೂ ಮೊದಲನೇ ಬೋರ್ಡಿನಲ್ಲಿ. ಯಜಮಾನ ಊರಿಗೆ ಹೊರಟಾಗ ಇವನೂ ಹೊರಟ. ಅಲ್ಲಿಗೆ ಅವನ ದೊಡ್ಡ ಚೆಸ್ ಮುಗಿಯಿತು. ಆಳುವವರ ತಂಡಕ್ಕೆ ಮೊದಲನೆಯವನಾಗಿ ಆಡುವಾಗ ಅವನ ತಲೆಯಲ್ಲಿ ಏನು ಓಡುತ್ತಿತ್ತೋ.

ಬಸ್ಸು ಕೋವಲಂ ದಾಟುವಾಗ ಅವನು 1939ಕ್ಕೆ ಬಂದ. ಈ ಕಥೆಯನ್ನು ಅವನು ಹಾಸ್ಟೆಲ್ಲಿನಲ್ಲೂ ಹೇಳಿದ್ದ. ಆದರೂ ಕೇಳಬೇಕು ಅನ್ನಿಸುತ್ತದೆ.

ಅದು ಬ್ಯೂನಸ್ ಐರಿಸ್‌ನಲ್ಲಿ ನಡೆದದ್ದು. ಯೂರೋಪಿನಿಂದ ಹೊರಗೆ ನಡೆದ ಮೊದಲ ಒಲಿಂಪಿಯಾಡ್. ಯೂರೋಪಿನ ತಂಡಗಳು ಬಹುತೇಕ ಒಂದೇ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಬಂದಿದ್ದವು. ಆಗಸ್ಟಿನಲ್ಲಿ ಶುರುವಾಯಿತು. ಆಟ ನಡೆಯುತ್ತಿರುವಾಗಲೇ ಸೆಪ್ಟೆಂಬರ್ 1ಕ್ಕೆ ಜರ್ಮನಿ ಪೋಲೆಂಡಿನೊಳಕ್ಕೆ ನುಗ್ಗಿತು. ಅದೇ ಜರ್ಮನಿಯ ತಂಡ, ಅದೇ ಪೋಲೆಂಡಿನ ತಂಡ, ಒಂದೇ ಹಾಲಿನಲ್ಲಿ. ಇಂಗ್ಲೆಂಡಿನವರು ಆಟ ಬಿಟ್ಟು ಊರಿಗೆ ಹೊರಟರು. ಉಳಿದವರು ಆಡಿದರು. ಎದುರುಬದುರು ಕೂರಲಾಗದ ಕೆಲವು ತಂಡಗಳ ನಡುವೆ ಆಡದೆಯೇ 2-2 ಅಂತ ಬರೆದುಕೊಂಡರು. ಜರ್ಮನಿ-ಪೋಲೆಂಡ್ ಹಾಗೆ. ಜರ್ಮನಿ-ಫ್ರಾನ್ಸ್ ಹಾಗೆ. ಜರ್ಮನಿ-ಪ್ಯಾಲೆಸ್ತೀನ್ ಕೂಡ ಹಾಗೆಯೇ. ಆಗಿನ ಪ್ಯಾಲೆಸ್ತೀನ್ ತಂಡ ಅಂದರೆ ಅಲ್ಲಿ ನೆಲೆಸಿದ್ದ ಯಹೂದಿ ಆಟಗಾರರದ್ದು. ಕೊನೆಗೆ ಜರ್ಮನಿಗೆ 36 ಪಾಯಿಂಟು, ಪೋಲೆಂಡಿಗೆ 35.5.

"ಅರ್ಧ ಪಾಯಿಂಟು," ಅಂದ ಕ್ಯಾಪ್ಟನ್.

ನಾನು ಕಿಟಕಿಯಾಚೆ ನೋಡಿದೆ. ಅವನು ಸುಮ್ನೆ ಹೇಳಿದ್ದೋ, ಬೇಕಂತ ಹೇಳಿದ್ದೋ ಗೊತ್ತಾಗಲಿಲ್ಲ.

ಗೆದ್ದ ಜರ್ಮನಿಯ ಐದೂ ಜನ ವಾಪಸ್ ಹೋಗಲಿಲ್ಲ, ದಕ್ಷಿಣ ಅಮೆರಿಕದಲ್ಲೇ ಉಳಿದರು. ಪೋಲೆಂಡಿನ ನೈಡಾರ್ಫ್ ಕೂಡ ಉಳಿದ. ಅವನು ಯಹೂದಿ. ಹೆಂಡತಿ, ಮಗು, ಅಪ್ಪ ಅಮ್ಮ ಎಲ್ಲ ವಾರ್ಸಾದಲ್ಲಿ. ಆಮೇಲೆ ಅವನು ಕಣ್ಣು ಕಟ್ಟಿಕೊಂಡ ಹಾಗೆ, ಬೋರ್ಡು ನೋಡದೆ, ಒಂದೇ ಸಲ 40 ಜನರ ಜೊತೆ ಆಡಿದ. 1947ರಲ್ಲಿ 45 ಜನರ ಜೊತೆ. ದಾಖಲೆ ಮಾಡಿದರೆ ಪೇಪರಿನಲ್ಲಿ ಹೆಸರು ಬರುತ್ತದೆ, ಬದುಕಿ ಉಳಿದಿರುವ ಯಾರಾದರೂ ಓದಿಯಾರು ಅನ್ನುವ ಆಸೆ. ಯಾರೂ ಉಳಿದಿರಲಿಲ್ಲ.

ಮಹಾಬಲಿಪುರದಲ್ಲಿ ಇಳಿದು ಆಟೋ ಹಿಡಿದು ಪೂಂಜೇರಿಯ ರೆಸಾರ್ಟಿಗೆ ಹೋದೆವು. ಮೂರು ಗಂಟೆಗೆ ಆಟ. ಫೋನು ಹೊರಗೇ ಇಟ್ಟು ಹೋಗಬೇಕು. ನಾವು ಕೊಂಡ ಟಿಕೆಟ್ಟು ಎರಡೇ ಗಂಟೆಯದ್ದು. ಚೆಸ್‌ನಲ್ಲಿ ಎರಡು ಗಂಟೆ ಅಂದರೆ ಮದುವೆಗೆ ಹೋಗಿ ಉಪ್ಪು ಉಪ್ಪಿನಕಾಯಿ ಬಡಿಸುವಾಗಲೇ ಎದ್ದು ಬಂದ ಹಾಗೆ. ಮೊದಲ 40 ನಡೆಗೆ ಒಬ್ಬೊಬ್ಬರಿಗೆ ಒಂದೂವರೆ ಗಂಟೆ. ಆಮೇಲೆ ಇನ್ನೂ ಅರ್ಧ ಗಂಟೆ. ಮೇಲಿಂದ ಪ್ರತಿ ನಡೆಗೂ 30 ಸೆಕೆಂಡ್ ಸೇರುತ್ತಾ ಹೋಗುತ್ತದೆ.

ಒಳಗೆ ಹೋದಾಗ ಮೊದಲು ತಟ್ಟಿದ್ದು ನಿಶ್ಶಬ್ದ. ಓಪನ್ ವಿಭಾಗವೊಂದರಲ್ಲೇ 180ಕ್ಕೂ ಹೆಚ್ಚು ತಂಡ. ಎರಡು ದೊಡ್ಡ ಹಾಲು. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ಯೋಚನೆ ಮಾಡುವುದನ್ನು ನೀವು ಎಲ್ಲಿ ನೋಡಿದ್ದೀರಿ? ನಾನು ಪರೀಕ್ಷೆ ಹಾಲಿನಲ್ಲೂ ನೋಡಿಲ್ಲ. ಈ ಸಲ ಪ್ಯಾಲೆಸ್ತೀನಿನಿಂದ ಎಂಟು ವರ್ಷದ ಹುಡುಗಿಯೊಬ್ಬಳು ಆಡಲು ಬಂದಿದ್ದಳು. ಪೇಪರಿನಲ್ಲಿ ಅವಳ ಫೋಟೋ ನೋಡಿದ್ದೆ. ಬಸ್ಸಿನಲ್ಲಿ ಕೇಳಿದ 1939ರ ಪ್ಯಾಲೆಸ್ತೀನ್ ನೆನಪಾಯಿತು. ಅದೇ ಹೆಸರು, ಬೇರೆಯೇ ಜನ.

ಹಗ್ಗದ ಈಚೆ ನಿಂತು ನೋಡಬೇಕು. ಅವತ್ತು ಎಲ್ಲರೂ ನೋಡಲು ಬಂದಿದ್ದು ಭಾರತದ ಎರಡನೇ ತಂಡ ಮತ್ತು ಅಮೆರಿಕ. ಊರಿನವರದ್ದೇ ಪಂದ್ಯ ಆದ್ದರಿಂದ ಭಾರತಕ್ಕೆ ಒಂದಕ್ಕಿಂತ ಹೆಚ್ಚು ತಂಡ ಇಳಿಸುವ ಅವಕಾಶ ಇತ್ತು. ಎರಡನೇ ತಂಡ ಅಂದರೆ ಹುಡುಗರ ತಂಡ. ಅವತ್ತು ಕೂತ ನಾಲ್ವರಲ್ಲಿ ಗುಕೇಶ್, ಪ್ರಜ್ಞಾನಂದ, ರೌನಕ್ ಸಾಧ್ವಾನಿ ಮೂವರಿಗೂ 16 ವರ್ಷ. ನಿಹಾಲ್ ಸರೀನ್ ಹಿರಿಯ, 18. ಎದುರಿಗೆ ಕರುವಾನ, ಅರೋನಿಯನ್, ವೆಸ್ಲಿ ಸೋ, ಡೊಮಿಂಗೆಝ್. ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಅಂಕ, ಅದರ ಲೆಕ್ಕದಲ್ಲಿ ಅಮೆರಿಕವೇ ಆ ಒಲಿಂಪಿಯಾಡಿನ ಮೊದಲ ತಂಡ.

ಗುಕೇಶ್ ಅದುವರೆಗೆ ಆಡಿದ ಏಳಕ್ಕೆ ಏಳೂ ಗೆದ್ದಿದ್ದ. ಹಾಗಾಗಿ ಮೊದಲ ಬೋರ್ಡಿನ ಕಡೆ ತಲೆಗಳ ಗೋಡೆ. ನನಗೆ ಅವನ ಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ತಳ್ಳಾಟದಲ್ಲಿ ಸರಿದು ಸರಿದು ನಾನು ಬಂದು ನಿಂತದ್ದು ನಾಲ್ಕನೇ ಬೋರ್ಡಿನ ಕಡೆಗೆ. ಅಲ್ಲಿ ಜಾಗ ಇತ್ತು. ಅಲ್ಲಿ ಯಾವಾಗಲೂ ಜಾಗ ಇರುತ್ತದೆ.

ರೌನಕ್ ಮತ್ತು ಡೊಮಿಂಗೆಝ್. ಕಾಯಿಗಳು ನನಗೆ ಅಷ್ಟು ದೂರದಿಂದ ಸರಿಯಾಗಿ ಕಾಣುತ್ತಿರಲಿಲ್ಲ, ಸ್ಕ್ರೀನ್ ನೋಡಿ ಹೊಂದಿಸಿಕೊಳ್ಳಬೇಕು. ನಾನು ಜಾಸ್ತಿ ನೋಡಿದ್ದು ಆಟಗಾರರು ಎದ್ದು ಓಡಾಡುವುದನ್ನು. ಒಬ್ಬೊಬ್ಬರೇ ಆಡುವ ಪಂದ್ಯದಲ್ಲೂ ಆಟಗಾರ ಏಳುತ್ತಾನೆ, ಆದರೆ ಕಾಲಾಡಿಸಲು. ಇಲ್ಲಿ ಎದ್ದವನು ಮೊದಲು ಪಕ್ಕದ ಬೋರ್ಡು ನೋಡುತ್ತಾನೆ. ಅಲ್ಲಿಂದ ಮುಂದಿನದು. ಮುಖದಲ್ಲಿ ಏನೂ ತೋರಿಸದೆ ಬಂದು ಮತ್ತೆ ತನ್ನ ಕುರ್ಚಿಯಲ್ಲಿ ಕೂರುತ್ತಾನೆ. ಆ ನಾಲ್ಕು ಹೆಜ್ಜೆಯಲ್ಲಿ ಅವನ ಲೆಕ್ಕ ಬದಲಾಗಿರುತ್ತದೆ. ಪಕ್ಕದವನು ಸೋಲುವ ಹಾಗಿದ್ದರೆ ಇವನು ಗೆಲ್ಲಲೇಬೇಕು. ಪಕ್ಕದವನು ಗೆಲ್ಲುವ ಹಾಗಿದ್ದರೆ ಇವನಿಗೆ ಡ್ರಾ ಸಾಕು. 1996ರಲ್ಲಿ ನಾನು ಆ ನಾಲ್ಕು ಹೆಜ್ಜೆ ನಡೆಯಲೇ ಇಲ್ಲ. ಕುರ್ಚಿಗೆ ಅಂಟಿ ಕೂತಿದ್ದೆ.

ಲೆಕ್ಕ ಹಾಕುವ ಕ್ರಮವೂ ಈಗ ಬೇರೆ. ಮೊದಲೆಲ್ಲ ನಾಲ್ಕು ಬೋರ್ಡಿನ ಪಾಯಿಂಟುಗಳನ್ನು ಕೂಡಿಸುತ್ತಾ ಹೋಗುತ್ತಿದ್ದರು. 1939ರ ಆ 35.5 ಬಂದದ್ದು ಹಾಗೆ. 2008ರ ಡ್ರೆಸ್ಡೆನ್‌ನಿಂದ ಪಂದ್ಯ ಗೆದ್ದರೆ 2, ಸಮ ಆದರೆ 1. ನಾಲ್ಕಕ್ಕೆ ನಾಲ್ಕು ಗೆದ್ದರೂ ಅಷ್ಟೇ, ಎರಡೂವರೆ ಬಂದರೂ ಅಷ್ಟೇ. ಕ್ಯಾಪ್ಟನ್‌ಗೆ ಇದು ಇಷ್ಟವಿಲ್ಲ, ಹಳೇದೇ ಚೆನ್ನ ಅಂತಾನೆ. ನನಗೆ ಹೊಸದೇ ಸರಿ ಅನ್ನಿಸುತ್ತದೆ. ಪುಟ್ಟ ದೇಶದ ತಂಡವನ್ನು ಹಿಂಡಿ ಹಿಂಡಿ ಅರ್ಧ ಅರ್ಧ ಪಾಯಿಂಟು ಕೂಡಿಹಾಕುವ ಚಾಳಿ ಸ್ವಲ್ಪ ಕಡಿಮೆಯಾಯಿತು, ಅಲ್ವಾ?

ಎರಡು ಗಂಟೆ ಮುಗಿಯಿತು. ನಾಲ್ಕು ಬೋರ್ಡಿನ ಫಲಿತಾಂಶ ಒಂದೂ ಗೊತ್ತಾಗದೆ ಹೊರಗೆ ಬಂದೆವು. ಫೋನು ತಗೊಂಡು ನೇರ ಕಡಲ ತೀರಕ್ಕೆ ಹೋದೆವು. ಒಂದು ಕಾಗದದ ಪೊಟ್ಟಣದಲ್ಲಿ ಸುಂಡಲ್, ಇನ್ನೊಂದರಲ್ಲಿ ಮೆಣಸಿನಕಾಯಿ ಬಜ್ಜಿ. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. ಕತ್ತಲಾಗುತ್ತಾ ಒಂದೊಂದೇ ಗೊತ್ತಾಯಿತು. ನಿಹಾಲ್ ಡ್ರಾ. ಪ್ರಜ್ಞಾನಂದ ಡ್ರಾ. ಗುಕೇಶ್ ಕರುವಾನನನ್ನು ಸೋಲಿಸಿದ, ಎಂಟಕ್ಕೆ ಎಂಟು. ನಾಲ್ಕನೇ ಬೋರ್ಡಿನಲ್ಲಿ ರೌನಕ್ ಕೂಡ ಗೆದ್ದ. 3-1.

ಮಾರನೇ ದಿನ ಪೇಪರಿನಲ್ಲಿ ಗುಕೇಶ್ ದೊಡ್ಡದಾಗಿ ಬಂದ. ಬರಬೇಕಾದ್ದೇ. ರೌನಕ್‌ಗೆ ಒಂದು ಸಾಲು. ನಾನು ಆ ಸಾಲನ್ನು ಎರಡು ಸಲ ಓದಿದೆ.

ಸೋಮವಾರ ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಬಂದು ಹತ್ತನೇ ಸುತ್ತು ಫೋನಿನಲ್ಲಿ ನೋಡಿದೆ. ಅದೇ ತಂಡಕ್ಕೆ ಉಜ್ಬೇಕಿಸ್ತಾನ ಎದುರು. ಗುಕೇಶ್ ಮುಂದೆ ಅಬ್ದುಸತ್ತಾರೊವ್. ಗುಕೇಶ್ ಗೆಲ್ಲುವ ಹಾಗಿದ್ದ ಆಟ. ಎಳೆದು ಎಳೆದು ಕೊನೆಗೆ ಗಡಿಯಾರದಲ್ಲಿ ಸಮಯ ಸವೆದು, ಒಂದು ತಪ್ಪು ನಡೆ ಬಿದ್ದು, ಎಲ್ಲ ಕೈಬಿಟ್ಟುಹೋಯಿತು. 16 ವರ್ಷದ ಹುಡುಗ ತಲೆ ಹಿಡಿದು ಕೂತ. ಪಂದ್ಯ 2-2. ಮರುದಿನ ಜರ್ಮನಿಯನ್ನು 3-1ರಿಂದ ಸೋಲಿಸಿ ಹುಡುಗರು ಕಂಚು ತಂದರು, ನಮ್ಮ ಮಹಿಳೆಯರೂ ಕಂಚು ತಂದರು. ಓಪನ್ ವಿಭಾಗದಲ್ಲಿ ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯಿತು.

ಗುಕೇಶ್ ಸೋತ ಆ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಕ್ಯಾಪ್ಟನ್ ಫೋನು.

"ನೋಡಿದ್ಯಾ?"

"ನೋಡಿದೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ, "ಅಲ್ಲ ಮಾರಾಯ, ಅವತ್ತು ನಿನ್ನ ಕುದುರೆ ಎಲ್ಲಿತ್ತು?"

ಯಾವತ್ತು ಅಂತ ನಾನು ಕೇಳಲಿಲ್ಲ. "ಎಫ್5 ಚೌಕದಲ್ಲಿ," ಅಂದೆ.

"ಅಲ್ಲ. ಡಿ5."

"ಆಡಿದವನು ನಾನು ಕಣೋ."

"ಹಿಂದೆ ನಿಂತು ನೋಡಿದವನು ನಾನು. ಬೋರ್ಡು ತಗೊಂಡು ಬಾ."

ಅನ್ನ ಹಾಗೇ ಬಿಟ್ಟು ಬೋರ್ಡು ತಂದೆ. ಅವನು ಅಲ್ಲಿ ಜೋಡಿಸಿದ, ನಾನು ಇಲ್ಲಿ ಜೋಡಿಸಿದೆ. ರಾಜರ ಜಾಗ ಇಬ್ಬರಿಗೂ ಒಂದೇ ನೆನಪಿತ್ತು. ನನ್ನ ಜಾಸ್ತಿ ಕಾಲಾಳೂ ಅಲ್ಲೇ ಇತ್ತು. ಕುದುರೆ ಒಂದರ ಮೇಲೆ ಮಾತ್ರ ಜಗಳ. ಕೊನೆಗೆ ಎಫ್5ರಲ್ಲೇ ಇಟ್ಟು ಕಂಪ್ಯೂಟರಿನ ಇಂಜಿನ್ನಿಗೆ ಕೊಟ್ಟೆ. ಸೊನ್ನೆ ತೋರಿಸಿತು. ಡ್ರಾ.

"ನೋಡು, ಅವತ್ತೇ ಹೇಳಿದ್ದೆ, ತಗೋ ಅಂತ," ಅಂದ ಕ್ಯಾಪ್ಟನ್.

"ಹಾಗಾದ್ರೆ ಕುದುರೆ ಎಫ್5ರಲ್ಲಿ ಇರಲಿಲ್ಲ ಬಿಡು," ಅಂದು ನಾನು ಅದನ್ನು ಡಿ5ಗೆ ಸರಿಸಿದೆ.