ಕಟಾವಾಯಿತೇನಪ್ಪಾ?

1973ರಲ್ಲಿ ನಾನು ಮಂಡ್ಯಕ್ಕೆ ಬಂದು ಬಿ.ಎಸ್‌ಸಿ.ಗೆ ಸೇರಿದಾಗ ನಮ್ಮ ಕಾಲೇಜಿನಲ್ಲಿ ಗಂಟೆಯೇನೋ ಇತ್ತು, ನೆಚ್ಚಿಕೊಂಡವರು ಮಾತ್ರ ಯಾರೂ ಇರಲಿಲ್ಲ. ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿತೆಂದರೆ ಮೇಷ್ಟರು ಚಾಕ್‌ಪೀಸ್ ಕೆಳಗಿಡುತ್ತಿದ್ದರು. ಗಾಳಿ ಆ ಕಡೆಯಿಂದ ಬೀಸಿದರೆ ಕಾಕಂಬಿಯ ವಾಸನೆ ತರಗತಿಯೊಳಕ್ಕೇ ಬರುತ್ತಿತ್ತು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಗಣಿತದ ಉಪನ್ಯಾಸಕರು ಮೊದಲ ವಾರವೆಲ್ಲ ಮೂಗಿಗೆ ಕರವಸ್ತ್ರ ಹಿಡಿದೇ ಪಾಠ ಮಾಡಿದರು. ಆಮೇಲೆ ಅವರಿಗೂ ಒಗ್ಗಿತು.

1933ರಲ್ಲಿ ಆ ಕಾರ್ಖಾನೆ ಸ್ಥಾಪನೆಯಾಗದೆ, ವಿಶ್ವೇಶ್ವರಯ್ಯ ನಾಲೆಯ ನೀರೂ ಬಾರದೆ ಹೋಗಿದ್ದರೆ ನಮ್ಮ ಸೀಮೆಯಲ್ಲಿ ಇಷ್ಟೊಂದು ಕಬ್ಬು ಎಲ್ಲಿರುತ್ತಿತ್ತು? ನಮ್ಮದು ತುಂಡು ಜಮೀನು. ಕಬ್ಬು ಕಾರ್ಖಾನೆಗಲ್ಲ, ಊರಿನ ಆಲೆಮನೆಗೆ ಹೋಗುತ್ತಿತ್ತು. ನಮ್ಮ ಸರದಿ ಬಂದು, ಬೆಲ್ಲವಾಗಿ, ಮಂಡಿಗೆ ಹೋದ ಮೇಲೆಯೇ ನನ್ನ ಫೀಸು.

ಕಚೇರಿಯ ಗುಮಾಸ್ತರಿಗೆ ಇದೆಲ್ಲ ಬಾಯಿಪಾಠ. ಯಾವ ಹುಡುಗನ ಊರಿನಲ್ಲಿ ಎಷ್ಟು ಆಲೆಮನೆ, ಯಾರ ಮನೆಯ ಕಬ್ಬು ಎಷ್ಟು ತಿಂಗಳಿನದು, ಎಲ್ಲ ಗೊತ್ತು. ವರಾಂಡದಲ್ಲಿ ಎದುರಾದರೆ ‘ಚೆನ್ನಾಗಿದ್ದೀಯಾ’ ಎನ್ನುತ್ತಿರಲಿಲ್ಲ, ‘ಕಟಾವಾಯಿತೇನಪ್ಪಾ?’ ಎನ್ನುತ್ತಿದ್ದರು. ‘ಇಲ್ಲ ಸಾರ್’ ಎಂದರೆ ನೋಟಿಸ್ ಬೋರ್ಡಿನ ಕಡೆಯ ದಿನಾಂಕ ನಮಗೆ ಅನ್ವಯಿಸುತ್ತಿರಲಿಲ್ಲ. ಪ್ರಾಂಶುಪಾಲರಿಗೆ ತಿಳಿದಿತ್ತೋ ಇಲ್ಲವೋ, ನಾವು ಕೇಳಲು ಹೋಗಲಿಲ್ಲ.

ರಸಾಯನಶಾಸ್ತ್ರದ ಮೇಷ್ಟರು ಒಂದು ದಿನ ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ ಹೇಳು’ ಎಂದರು. ‘ಕೊಳೆ ಮೇಲಕ್ಕೆ ಬರಲಿ ಎಂದು ಸಾರ್.’ ‘ಅರ್ಧ ಸರಿ’ ಎಂದು ಉಳಿದರ್ಧವನ್ನು ಬೋರ್ಡಿನ ಮೇಲೆ ಬರೆದರು: ಹಾಲಿನ ಹುಳಿ ಮುರಿಯದಿದ್ದರೆ ಕಾಯಿಸುವಾಗ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಂಟಾಗುತ್ತದೆ. ಆ ಸಂಜೆ ಯಲಿಯೂರಿನಲ್ಲಿ ರೈಲಿಳಿದವನೇ ನೇರವಾಗಿ ಆಲೆಮನೆಗೆ ಹೋದೆ. ಅಪ್ಪ ಕೊಪ್ಪರಿಗೆಯ ಮುಂದೆ ನಿಂತು, ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಉರುಟುತ್ತಿದ್ದರು. ನಾನು ಸುಕ್ರೋಸ್ ಪುರಾಣವನ್ನೆಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಸುಣ್ಣ ಕಡಿಮೆಯಾದರೆ ಬೆಲ್ಲ ಕೂರುವುದಿಲ್ಲ. ಇದಕ್ಕೆ ಫೀಸು ಬೇರೆ ಕಟ್ಟಬೇಕೇ?’ ಎಂದರು. ಮರುದಿನ ಮೇಷ್ಟರಿಗೆ ಹೇಳಿದೆ. ಅವರು ನಕ್ಕ ನಗು ಪಕ್ಕದ ಕೊಠಡಿಗೂ ಕೇಳಿಸಿತು.

ಸಸ್ಯಶಾಸ್ತ್ರದಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ, ಅದರ ಮಾತು ಬೇಡ.

ನಾವು ಸೇರಿದ ವರ್ಷವೇ, ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಕಾಲೇಜಿನ ರಸೀದಿ ಪುಸ್ತಕಗಳು ಮಾತ್ರ ‘ಮೈಸೂರು ರಾಜ್ಯ’ ಎಂದೇ ಅಚ್ಚಾಗಿ ಬಂದು ಕುಳಿತಿದ್ದವು. ಗುಮಾಸ್ತರು ಅವನ್ನು ಎಸೆಯುವ ಪೈಕಿಯೇ? ಪ್ರತಿ ರಸೀದಿಯಲ್ಲೂ ಸ್ಕೇಲ್ ಇಟ್ಟು ಗೆರೆ ಎಳೆದು, ಮೇಲೆ ಗುಂಡಗೆ ‘ಕರ್ನಾಟಕ’ ಎಂದು ಬರೆಯುತ್ತಿದ್ದರು. ಹಿಂದೆ ಸರತಿಯಲ್ಲಿ ಎಷ್ಟು ಜನ ನಿಂತಿದ್ದರೂ ಆ ಗೆರೆ ಸೊಟ್ಟಗಾಗುತ್ತಿರಲಿಲ್ಲ.

1976ರಲ್ಲಿ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಹೋದಾಗ ನನ್ನ ಹೆಸರಿನ ಮುಂದೆ ಹನ್ನೊಂದು ರೂಪಾಯಿ ಬಾಕಿ ಇತ್ತು. ಜೇಬಿನಲ್ಲಿ ರೈಲಿನ ಪಾಸು ಬಿಟ್ಟರೆ ಬೇರೇನೂ ಇರಲಿಲ್ಲ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಅದೇ ಪ್ರಶ್ನೆ ಕೇಳಿದರು. ‘ಮುಂದಿನ ತಿಂಗಳು ಸಾರ್’ ಎಂದೆ. ಪತ್ರ ಕೊಟ್ಟುಬಿಟ್ಟರು. ಬೆಲ್ಲ ಮಾರಿದ ಮೇಲೆ ನಮ್ಮೂರಿನ ಕಿರಿಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ದುಡ್ಡು ಕಳಿಸಿದೆ. ಸಂಜೆ ಅವನು ರಸೀದಿ ತಂದುಕೊಟ್ಟ. ‘ಮೈಸೂರು ರಾಜ್ಯ’ದ ಮೇಲೆ ಅದೇ ನೆಟ್ಟನೆಯ ಗೆರೆ. ಆ ಪುಸ್ತಕ ಇನ್ನೂ ಮುಗಿದಿರಲಿಲ್ಲ.